ಇಂಪ್ರೊವೈಸೇಶನ್ ತರಗತಿಯಲ್ಲಿ ‘ಹೌದು’ ಎನ್ನಲೇಬೇಕಾ?

ವಾಣಿಗೆ 27 ವರ್ಷ. ಮೈಸೂರಿನಲ್ಲಿ ಆಡಿಟರ್ ಆಫೀಸೊಂದರಲ್ಲಿ ಕೆಲಸ. ಆಪ್ತಸಲಹೆಗೆಂದು ನನ್ನ ಬಳಿ ಬಂದವರು. ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಾರಾಂತ್ಯದ ನಾಟಕ ತರಗತಿಗೆ ಆಸೆಯಿಂದ ಸೇರಿದ್ದರು. ಬರೆದ ಮಾತು ಕೊಟ್ಟರೆ ಒಂದಕ್ಷರ ಬಿಡದೆ ಹೇಳುತ್ತಿದ್ದರು. ಆಮೇಲೆ ಇಂಪ್ರೊವೈಸೇಶನ್ ಪಾಠ ಶುರುವಾಯಿತು. ಸ್ಕ್ರಿಪ್ಟ್ ಇಲ್ಲ, ಆ ಹೊತ್ತಿಗೆ ಹುಟ್ಟಿದ ಮಾತಲ್ಲೇ ದೃಶ್ಯ ಕಟ್ಟಬೇಕು. ಅಲ್ಲಿ ಅವರು ಕಲ್ಲಾಗಿಬಿಟ್ಟರು. “ಮೇಡಂ, ತಲೆ ಪೂರ್ತಿ ಖಾಲಿ. ನನಗೆ ಪ್ರತಿಭೆನೇ ಇಲ್ಲ ಅನ್ಸುತ್ತೆ. ಬಿಟ್ಟುಬಿಡ್ಲಾ?” ಎಂದು ಕೇಳಿದರು.

ಪ್ರತಿಭೆ ಇದೆಯೋ ಇಲ್ಲವೋ ಎಂಬ ಚರ್ಚೆಯಿಂದ ಯಾರಿಗೂ ಲಾಭವಿಲ್ಲ. ನಡೆದ ಒಂದು ದೃಶ್ಯ ಹೇಳಿ ಎಂದೆ.

ಅವತ್ತು ಆಟೋದಲ್ಲಿ ಬರುವಾಗಲೇ ಅವರು ಒಂದು ದೃಶ್ಯ ಯೋಚಿಸಿಟ್ಟುಕೊಂಡಿದ್ದರು. ಬ್ಲೌಸ್ ಹಾಳು ಮಾಡಿದ ಟೈಲರ್ ಜೊತೆ ಜಗಳ. ಏನೇನು ಅನ್ನಬೇಕು ಎಂದೂ ಸಿದ್ಧ. ಆದರೆ ಜೊತೆಗಾರ ಎದುರು ಬಂದವನೇ “ಅಕ್ಕಾ, ಈ ಬಸ್ಸು ಹಾಸನಕ್ಕೆ ಹೋಗುತ್ತಾ?” ಎಂದ. ವಾಣಿ “ಇದು ಬಸ್ಸಲ್ಲ, ಟೈಲರ್ ಅಂಗಡಿ” ಎಂದರು. ಎಲ್ಲರೂ ನಕ್ಕರು. ಮೇಷ್ಟ್ರು, “ಬ್ಲಾಕ್ ಮಾಡಬೇಡಿ. ಅವನು ಕೊಟ್ಟಿದ್ದನ್ನು ಒಪ್ಪಿಕೊಳ್ಳಿ, ಅದಕ್ಕೆ ನಿಮ್ಮದೊಂದು ಸೇರಿಸಿ” ಎಂದರು. ಮುಂದಿನ ವಾರಗಳಲ್ಲಿ ವಾಣಿ ಇನ್ನೂ ಜಾಸ್ತಿ ತಯಾರಿ ಮಾಡಿಕೊಂಡು ಬಂದರು. ಬಾಯಿ ಇನ್ನೂ ಕಟ್ಟಿತು.

ಹೆದರಿಕೆ ಇರುವವರಲ್ಲಿ ಇದನ್ನು ತುಂಬಾ ನೋಡುತ್ತೇವೆ. ತಪ್ಪಾಗದಿರಲಿ ಎಂದು ಮಾಡಿಕೊಳ್ಳುವ ತಯಾರಿಯೇ ಗಮನವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ಏನನ್ನಲಿ, ಹೇಗೆ ಕಾಣುತ್ತಿದ್ದೇನೆ, ಕೈ ನಡುಗುತ್ತಿದೆಯಾ ಎಂದು ನೋಡುತ್ತಿರುವವರಿಗೆ ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ. ಇಂಪ್ರೊವೈಸೇಶನ್‌ಗೆ ಬೇಕಾದ ಸಾಮಾನು ಇರುವುದು ಎದುರಿನವರ ಬಳಿ, ಅಲ್ವಾ?

ವಾಣಿಯ ಸೋದರಮಾವ ಪುತ್ತೂರಿನ ಕಡೆಯವರು, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ಅದು ನಮಗೆ ತುಂಬಾ ಸಹಾಯವಾಯಿತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. “ಮಾವ ಏನೂ ತಯಾರಿ ಇಲ್ಲದೆ ಹೋಗ್ತಾರಾ?” ಎಂದು ಕೇಳಿದೆ. “ಇಲ್ಲ, ಪ್ರಸಂಗ ಪೂರ್ತಿ ಗೊತ್ತಿರುತ್ತೆ. ಆದ್ರೆ ಎದುರಿನ ಅರ್ಥಧಾರಿ ಏನು ವಾದ ಹೂಡ್ತಾರೆ ಅಂತ ಗೊತ್ತಿರಲ್ಲ” ಎಂದರು. ಹೇಳುತ್ತಿದ್ದಂತೆ ಅವರಿಗೇ ಹೊಳೆಯಿತು. ಕೃಷ್ಣ ಸಂಧಾನದಲ್ಲಿ ಕೌರವ ಕೇಳಿದ್ದಕ್ಕೆ ಕೃಷ್ಣ ಉತ್ತರಿಸಬೇಕು. ಮನೆಯಿಂದ ತಂದ ಉತ್ತರವನ್ನೇ ಹೇಳಿದರೆ ಸಭೆಗೆ ತಕ್ಷಣ ತಿಳಿಯುತ್ತದೆ.

ಹಾಗಾಗಿ ತಯಾರಿ ಬಿಡಿ ಎಂದು ನಾನು ಹೇಳಲಿಲ್ಲ. ಅದನ್ನು ಎದುರಿನವರನ್ನು ಗಮನಿಸುವ ಕಡೆಗೆ ತಿರುಗಿಸಿದೆ. ಷಿಕಾಗೊದ ವಯೋಲಾ ಸ್ಪೋಲಿನ್ ರೂಪಿಸಿದ ರಂಗ ಆಟಗಳಲ್ಲಿ ಪಾತ್ರಧಾರಿ ಕೇಳಿಕೊಳ್ಳುವುದು ಮೂರೇ: ಯಾರು, ಎಲ್ಲಿ, ಏನು ಮಾಡುತ್ತಿದ್ದೇವೆ. 1930ರ ದಶಕದ ಕೊನೆಯಲ್ಲಿ ಅವರು ಅಲ್ಲಿನ ವಲಸಿಗ ಕುಟುಂಬಗಳ ಮಕ್ಕಳ ಜೊತೆಗೂ ಕೆಲಸ ಮಾಡಿದ್ದರು. ಮನೆಮಾತು ಬೇರೆ ಬೇರೆಯಾದ ಮಕ್ಕಳನ್ನು ಆಟವೇ ಹತ್ತಿರ ತಂದಿತು. ಚುರುಕು ಮಾತು ಬಾರದವರಿಗೂ ಈ ಕಲೆಯಲ್ಲಿ ಜಾಗವಿದೆ ಎಂದು ನಾನು ನಂಬುವುದು ಇದಕ್ಕೇ.

ಮನೆಯಲ್ಲಿ ತಂಗಿಯ ಜೊತೆ ಮಾಡಲು ಎರಡು ಅಭ್ಯಾಸ ಕೊಟ್ಟೆ. ಒಂದು ಕನ್ನಡಿ ಆಟ. ಒಬ್ಬರು ನಿಧಾನ ಕೈ ಆಡಿಸಬೇಕು, ಇನ್ನೊಬ್ಬರು ಕನ್ನಡಿಯಂತೆ ಹಾಗೇ ಮಾಡಬೇಕು, ಮಾತು ಬೇಡ. ಇನ್ನೊಂದರಲ್ಲಿ, ಎದುರಿನವರ ಕೊನೆಯ ಪದದಿಂದಲೇ ನಮ್ಮ ವಾಕ್ಯ ಶುರುವಾಗಬೇಕು. ಕೊನೆಯ ಪದ ಬರುವ ತನಕ ಉತ್ತರ ಯೋಚಿಸುವುದಕ್ಕೇ ಆಗುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳಬೇಕು.

ಮುಂದಿನ ಸಲ ಬಂದಾಗ ಸ್ವಲ್ಪ ಹಗುರಾಗಿದ್ದರು. ಆದರೂ ತರಗತಿಗೆ ಹೋಗಲು ಮನಸ್ಸಿಲ್ಲ ಎಂದರು. ಸುಮಾರು ಹೊತ್ತು ಸುಮ್ಮನಿದ್ದು ಇನ್ನೊಂದು ದೃಶ್ಯ ಹೇಳಿದರು. ಗಂಡ ಹೆಂಡತಿಯ ಜಗಳ. ಗಂಡನ ಪಾತ್ರ ಮಾಡುತ್ತಿದ್ದವನು ಅವರ ಮಣಿಕಟ್ಟು ಹಿಡಿದು ಜೋರಾಗಿ ಎಳೆದ. ನೋವಾಯಿತು, ಅಸಹ್ಯವೂ ಆಯಿತು. ಬಿಡಿಸಿಕೊಳ್ಳಲಿಲ್ಲ. “ಬ್ಲಾಕ್ ಮಾಡಬಾರದಲ್ವಾ ಮೇಡಂ?” ಎಂದರು.

ಈ ಮಾತು ಕೇಳಿ ನನಗೆ ತುಂಬಾ ಸಂಕಟವಾಯಿತು. ಒಳ್ಳೆಯ ಪಾಠವೊಂದು ತಪ್ಪು ಜಾಗಕ್ಕೆ ಹೋಗಿ ಕೂತಿತ್ತು. ಅವರಿಗೆ ಬಿಡಿಸಿ ಹೇಳಿದೆ. ಎದುರಿನವರು ಕೊಟ್ಟಿದ್ದನ್ನು ಒಪ್ಪಿ ನಮ್ಮದೊಂದು ಸೇರಿಸುವ ‘ಹೌದು, ಮತ್ತೆ’ ಎನ್ನುವ ನಿಯಮ ಕಥೆಯ ಸಂಗತಿಗೆ ಮಾತ್ರ. ಇದು ಬಸ್ ಸ್ಟ್ಯಾಂಡ್, ಇವನು ಗಂಡ, ನಮ್ಮಿಬ್ಬರಿಗೆ ಜಗಳ, ಇಷ್ಟನ್ನು ಒಪ್ಪಿದರೆ ಸಾಕು. ಆ ಹೆಂಡತಿ “ಕೈ ಬಿಡ್ರಿ, ನಾನು ಬರಲ್ಲ” ಎಂದರೆ ಅದು ಬ್ಲಾಕ್ ಅಲ್ಲ. ದೃಶ್ಯ ಅಲ್ಲಿಂದಲೇ ಬೆಳೆಯುತ್ತದೆ. ಇನ್ನು ನೋವಾದದ್ದು ವಾಣಿಗೆ, ಪಾತ್ರಕ್ಕಲ್ಲ. ವಾಣಿ ಯಾವ ಹೊತ್ತಿನಲ್ಲಾದರೂ “ನಿಲ್ಸಿ” ಎಂದು ಆಟದಿಂದ ಹೊರಗೆ ಬರಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಕಾರಣವನ್ನೂ ಹೇಳಬೇಕಾಗಿಲ್ಲ.

ಮೇಷ್ಟ್ರ ಹತ್ತಿರ ಮಾತಾಡಲು ಅವರಿಗೆ ಅಳುಕಿತ್ತು. ಏನು ಹೇಳಬೇಕೆಂದು ಇಬ್ಬರೂ ಕೂತು ಮೂರು ವಾಕ್ಯ ಬರೆದೆವು: “ಸರ್, ಆ ದೃಶ್ಯದಲ್ಲಿ ನನಗೆ ನೋವಾಯ್ತು. ದೃಶ್ಯಕ್ಕೆ ಮುಂಚೆ ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಅಂತ ಜೋಡಿಗಳು ಮಾತಾಡ್ಕೊಳ್ಳೋ ಹಾಗೆ ಮಾಡ್ತೀರಾ? ನಿಲ್ಲಿಸೋಕೆ ಎಲ್ಲರಿಗೂ ಒಂದೇ ಪದ ಇಟ್ಟುಕೊಳ್ಳೋಣ.” ಮೇಷ್ಟ್ರು ಕೇಳದಿದ್ದರೆ ಆ ತರಗತಿ ಬಿಡುವುದು ಸೋಲಲ್ಲ ಎಂದೂ ಸ್ಪಷ್ಟವಾಗಿ ಹೇಳಿದೆ.

ನಾಟಕ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಒಪ್ಪಿಕೊಳ್ಳುವುದನ್ನು ಕಲಿಸುವ ದಿನವೇ ನಿಲ್ಲಿಸುವುದನ್ನೂ ಕಲಿಸಿ. ನಮ್ಮಲ್ಲಿ ಹೆಣ್ಣುಮಕ್ಕಳು, ಚಿಕ್ಕವರು ‘ಬೇಡ’ ಎನ್ನಲು ಮೊದಲೇ ಹಿಂಜರಿಯುತ್ತಾರೆ. ಅಂಥವರಿಗೆ ಈ ನಿಯಮವನ್ನು ಅರ್ಧ ಮಾತ್ರ ಹೇಳಿದರೆ ತೊಂದರೆಯಾಗುತ್ತದೆ.

ವೇದಿಕೆಯ ಅಂಜಿಕೆ ಎಲ್ಲರಿಗೂ ಇರುತ್ತದೆ. ಆದರೆ ಅದು ಆಫೀಸಿಗೆ, ಫೋನ್ ಕರೆಗಳಿಗೆ ಹಬ್ಬಿದರೆ, ವಾರಗಟ್ಟಲೆ ನಿದ್ದೆ ಕೆಟ್ಟರೆ ಆಪ್ತಸಲಹೆಗಾರರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೇಷ್ಟ್ರು ವಾಣಿಯ ಎರಡೂ ಮಾತು ಒಪ್ಪಿದರು. ಕೈ ಎಳೆದವನು ಕ್ಷಮೆ ಕೇಳಿದ, ಆದರೂ ಅವನ ಜೊತೆ ಜೋಡಿಯಾಗಲು ವಾಣಿಗೆ ಇನ್ನೂ ಇಷ್ಟವಿಲ್ಲ. ಆಗಬೇಕೆಂದೂ ಇಲ್ಲ ಎಂದಿದ್ದೇನೆ. ದೃಶ್ಯದ ನಡುವೆ ಈಗಲೂ ಒಮ್ಮೊಮ್ಮೆ ಮಾತು ನಿಲ್ಲುತ್ತದಂತೆ. ಆಗ ಎದುರಿನವರು ಕೊನೆಗೆ ಅಂದ ಪದವನ್ನೇ ತಾವೂ ಅಂದು, ಅಲ್ಲಿಂದ ಮುಂದುವರಿಸುತ್ತಾರೆ.