‘ಶತಮಾನಗಳ’ ವಾಪಸ್, ‘ಸಂಪ್ರದಾಯ’ ಅಲ್ಲೇ ಇರಲಿ

ಹೊನ್ನಾವರದ ಕಡೆಯಿಂದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಅಮೆರಿಕದ ಮಿನೆಸೋಟ ವೈಕಿಂಗ್ಸ್ ಫುಟ್‌ಬಾಲ್ ತಂಡದ ದೊಡ್ಡ ಕೊಂಬಿನ ಫೋಟೊ ಹಾಕಿ, ಕೆಳಗೆ ‘ಪಂದ್ಯಕ್ಕೆ ಮುನ್ನ ಕೊಂಬೂದುವುದು ಇಲ್ಲಿಯ ಶತಮಾನಗಳ ಸಂಪ್ರದಾಯ’ ಎಂದು ಬರೆದಿದ್ದೆವು. ಪತ್ರ ಬರೆದವರು ಮಿನಿಯಾಪೊಲಿಸ್‌ನ ಮಗನ ಮನೆಗೆ ಹೋದಾಗ ಅದೇ ಕ್ರೀಡಾಂಗಣದಲ್ಲಿ ಕೂತು ಪಂದ್ಯ ನೋಡಿ ಬಂದವರು. ಅವರ ತಕರಾರು ಇಷ್ಟು: ‘ಚೆಂಡು ಮೈದಾನಕ್ಕೆ ಬರುವ ಮೊದಲು ಹೊಗೆ, ಬೆಂಕಿ, ಡೋಲು, ಕೊಂಬು, ಚಪ್ಪಾಳೆ, ಆಟಕ್ಕಿಂತ ಗದ್ದಲವೇ ಜಾಸ್ತಿ. ಮಗನನ್ನು ಕೇಳಿದರೆ ಆ ಚಪ್ಪಾಳೆ 2016ರಲ್ಲಿ ಶುರುವಾದದ್ದಂತೆ, ಅದೂ ಐಸ್‌ಲೆಂಡಿನವರದಂತೆ. ನನ್ನ ಮೊಮ್ಮಗಳಿಗಿಂತ ಚಿಕ್ಕದಾದ ಒಂದು ಕಸರತ್ತಿಗೆ ಸಂಪ್ರದಾಯ ಎಂಬ ಹೆಸರು ಕೊಡಲು ನಿಮಗೆ ನಾಚಿಕೆ ಆಗಲಿಲ್ಲವೇ?’

ಮಾಸ್ತರರೇ,

ಆಯಿತು, ಅರ್ಧ. ಆ ಸಾಲು ಬರೆದದ್ದು ನಾನೇ, ಪುಟ ಅಚ್ಚಿಗೆ ಹೋಗುವ ರಾತ್ರಿ, ಫೋಟೊದ ಕೆಳಗೆ ಇನ್ನೊಂದು ಪದಕ್ಕೆ ಜಾಗ ಉಳಿದಿತ್ತೆಂದು. ‘ಶತಮಾನಗಳ’ ಎಂಬುದು ಶುದ್ಧ ಸುಳ್ಳು. ವೈಕಿಂಗ್ಸ್ ತಂಡ ಮೊದಲ ಪಂದ್ಯ ಆಡಿದ್ದೇ 1961ರಲ್ಲಿ. ಕೊಂಬು ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ, ಮೆಟ್ರೊಡೋಮ್ ಎಂಬ ಮುಚ್ಚುಚಾವಣಿಯ ಹಳೆಯ ಕ್ರೀಡಾಂಗಣದಲ್ಲಿದ್ದಾಗ. ಆ ಪದ ವಾಪಸ್ ಪಡೆದಿದ್ದೇನೆ. ‘ಸಂಪ್ರದಾಯ’ವನ್ನು ಮಾತ್ರ ಬಿಟ್ಟುಕೊಡಲಾರೆ. ಯಾಕೆ ಅಂತ ಹೇಳುತ್ತೇನೆ.

ಮೊದಲು, ನೀವು ನೋಡಿದ್ದನ್ನು ನೋಡದ ಓದುಗರಿಗಾಗಿ ನಾಲ್ಕು ಮಾತು. ಇದು ಕಾಲಲ್ಲಿ ಒದೆಯುತ್ತ ಆಡುವ ನಮ್ಮ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್. ವೈಕಿಂಗರೆಂದರೆ ನಾರ್ವೆ, ಸ್ವೀಡನ್ ಕಡೆಯ ಹಳೆಯ ಕಡಲಯೋಧರು, ಹಾಗಾಗಿ ಮೈದಾನದ ಒಂದು ಮೂಲೆಯಲ್ಲಿ ಡ್ರ್ಯಾಗನ್ ಮೂತಿಯ ಹಡಗು. ಅದು ಹೊಗೆ ಉಗುಳುತ್ತದೆ, ಆ ಹೊಗೆ ಸೀಳಿಕೊಂಡು ಆಟಗಾರರು ಓಡಿ ಬರುತ್ತಾರೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳಿದರೆ ಯಕ್ಷಗಾನದ ಒಡ್ಡೋಲಗ, ತೆರೆಯ ಬದಲು ಹೊಗೆ. ಆಮೇಲೆ ತಂಡದ ಹಳೆಯ ಆಟಗಾರನೋ ಊರಿನ ಗಣ್ಯನೋ ಬಂದು ಆಳೆತ್ತರಕ್ಕೂ ಮೀರಿದ ಬಾಗುಕೊಂಬಿಗೆ ಬಾಯಿ ಕೊಡುತ್ತಾನೆ. ಡೋಲಿನ ಎರಡು ಪೆಟ್ಟು. ಅರವತ್ತು ಸಾವಿರಕ್ಕೂ ಹೆಚ್ಚು ಜನ ಎರಡೂ ಕೈ ತಲೆಯ ಮೇಲೆ ಅಗಲಿಸಿ ಒಮ್ಮೆಗೇ ತಟ್ಟಿ ‘ಸ್ಕೋಲ್!’ ಎನ್ನುತ್ತಾರೆ. ಮತ್ತೆ ಎರಡು ಪೆಟ್ಟು, ಮತ್ತೆ ಸ್ಕೋಲ್. ಬಿಡುವು ಕಡಿಮೆಯಾಗುತ್ತ ಬಂದು, ವಿಳಂಬ ದ್ರುತವಾಗಿ, ಕೊನೆಗೆ ಬರೀ ಗದ್ದಲ.

ಸ್ಕೋಲ್ ಅಂದರೆ ಸ್ಕ್ಯಾಂಡಿನೇವಿಯದ ಭಾಷೆಗಳಲ್ಲಿ ಬಟ್ಟಲು. ಬಟ್ಟಲೆತ್ತಿ ಕುಡಿಯುವಾಗ ಹೇಳುವ ಶುಭದ ಮಾತೂ ಅದೇ. ಮಿನೆಸೋಟಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆ, ಸ್ವೀಡನ್‌ಗಳಿಂದ ಜನ ಹಿಂಡುಹಿಂಡಾಗಿ ಬಂದು ನೆಲೆಸಿದರು. ತಂಡದ ಹಾಡಿನಲ್ಲಿ ಆ ಪದ ಆರಂಭದಿಂದಲೂ ಇದೆ. ಪದ ಹಳೆಯದು, ಚಪ್ಪಾಳೆ ಹೊಸದು. 2016ರ ಜೂನ್ 27ರಂದು ಯೂರೊ ಕಪ್‌ನಲ್ಲಿ, ಮೂರೂ ಚಿಲ್ಲರೆ ಲಕ್ಷ ಜನರ ಐಸ್‌ಲೆಂಡ್ ಇಂಗ್ಲೆಂಡನ್ನು 2–1ರಿಂದ ಸೋಲಿಸಿತಲ್ಲ, ಆಗ ಅದರ ಅಭಿಮಾನಿಗಳು ತಟ್ಟಿದ ಚಪ್ಪಾಳೆ ಜಗತ್ತಿನ ಕಣ್ಣಿಗೆ ಬಿತ್ತು. ಎರಡೇ ತಿಂಗಳಲ್ಲಿ ಅದು ಮಿನಿಯಾಪೊಲಿಸ್‌ನಲ್ಲಿತ್ತು. ಹಾಗಾದರೆ ಕಳ್ಳಮಾಲೇ? ಐಸ್‌ಲೆಂಡಿನವರನ್ನು ಕೇಳಿದರೆ, ಅಲ್ಲಿಯ ಸ್ಟ್ಯಾರ್ನನ್ ಕ್ಲಬ್ಬಿನ ಅಭಿಮಾನಿಗಳು 2014ರಲ್ಲಿ ಸ್ಕಾಟ್ಲೆಂಡಿನ ಮದರ್‌ವೆಲ್ ತಂಡದ ವಿರುದ್ಧದ ಪಂದ್ಯಕ್ಕೆ ಹೋದಾಗ ಅಲ್ಲಿಂದ ಕಲಿತು ಬಂದದ್ದು ಎನ್ನುತ್ತಾರೆ. ಇಲ್ಲ, ಫ್ರಾನ್ಸಿನ ಲೆನ್ಸ್ ಊರಿನದು ಎನ್ನುವವರೂ ಇದ್ದಾರೆ. ಚಪ್ಪಾಳೆಗೆ ಪಹಣಿಪತ್ರ ಇರುವುದಿಲ್ಲ, ಮಾಸ್ತರರೇ.

2016ರಲ್ಲೇ ಯಾಕೆ ಬಂತು ಎಂಬುದು ನನಗೆ ಹೆಚ್ಚು ಕುತೂಹಲದ ಪ್ರಶ್ನೆ. ಆ ವರ್ಷ ತಂಡ ಹೊಸ ಮನೆಗೆ ಬಂತು. ಸುಮಾರು 110 ಕೋಟಿ ಡಾಲರ್ ಖರ್ಚಿನ ಕ್ರೀಡಾಂಗಣ, ಅದರಲ್ಲಿ 49.8 ಕೋಟಿ ರಾಜ್ಯದ್ದು ಮತ್ತು ನಗರದ್ದು, ಹೆಸರು ಮಾತ್ರ ಒಂದು ಬ್ಯಾಂಕಿನದು. ಹೊಸ ಮನೆ ಎಷ್ಟೇ ಚಂದ ಇರಲಿ, ಹಾಲುಕ್ಕಿಸದೆ ಒಳಗೆ ಹೋಗಿ ಮಲಗಿದರೆ ಅದು ಮನೆ ಅನ್ನಿಸುವುದಿಲ್ಲ. ಗಾಜು ಮತ್ತು ಉಕ್ಕಿನ ಆ ಕಟ್ಟಡಕ್ಕೆ ಚಪ್ಪಾಳೆಯೇ ಗೃಹಪ್ರವೇಶವಾಯಿತು. ಮಾರುಕಟ್ಟೆ ವಿಭಾಗದವರು ಕೂತು ಯೋಚಿಸಿ ಮಾಡಿದ್ದು, ನಿಜ. ಆದರೆ ಅವರು ಯೋಚಿಸಿ ಮಾಡುವ ನೂರರಲ್ಲಿ ಎಷ್ಟು ಉಳಿಯುತ್ತದೆ?

ಇದು ಉಳಿಯಿತು. 2018ರ ಜನವರಿ 14ರಂದು ನ್ಯೂ ಆರ್ಲಿಯನ್ಸ್ ತಂಡದ ವಿರುದ್ಧ ಕೊನೆಯ ಗಳಿಗೆಯಲ್ಲಿ ಸ್ಟೆಫನ್ ಡಿಗ್ಸ್ ಚೆಂಡು ಹಿಡಿದು ಗೆರೆ ದಾಟಿ 29–24ರಿಂದ ಗೆಲ್ಲಿಸಿದಾಗ, ಚಪ್ಪಾಳೆಗೆ ಮುಂದಾಳಾಗಿ ನಿಂತದ್ದು ಮೈಕಿನವನಲ್ಲ, ಚೆಂಡೆಸೆದ ಕೇಸ್ ಕೀನಮ್. ಪಂದ್ಯದ ಮುನ್ನ ಇರಬೇಕಾದದ್ದು ಪಂದ್ಯದ ನಂತರಕ್ಕೂ ದಾಟಿತು. ಮುಂದಿನ ವಾರ ಫಿಲಡೆಲ್ಫಿಯದಲ್ಲಿ ಇವರು 38–7ರಿಂದ ನೆಲಕಚ್ಚಿದರು. ಅಲ್ಲಿಯ ಜನ ಅದೇ ಲಯದಲ್ಲಿ ಕೈ ತಟ್ಟಿ, ಸ್ಕೋಲ್ ಬದಲು ತಮ್ಮ ಆಟಗಾರನ ಹೆಸರು ಹಿಡಿದು ‘ಫೋಲ್ಸ್!’ ಎಂದು ಅಣಕಿಸಿದರು. ಯಾರದೂ ಅಲ್ಲದ ಕಸರತ್ತನ್ನು ಯಾರೂ ಅಣಕಿಸುವುದಿಲ್ಲ. ಅಣಕ ಹುಟ್ಟಿತೆಂದರೆ ಅದಕ್ಕೊಬ್ಬ ವಾರಸುದಾರ ಇದ್ದಾನೆ ಎಂದೇ ಲೆಕ್ಕ.

ಕೊಂಬಿನ ವಿಷಯಕ್ಕೆ ಬರೋಣ. ಅದರ ಹೆಸರು ಗ್ಯಾಲರ್‌ಹಾರ್ನ್. ವೈಕಿಂಗರ ನಾರ್ಸ್ ಪುರಾಣದಲ್ಲಿ ದೇವತೆಗಳ ಕಾವಲುಗಾರ ಹೈಮ್‌ಡಾಲ್ ಊದುವ ಕೊಂಬು ಅದು. ಎಲ್ಲ ಲೋಕಗಳಿಗೂ ಕೇಳಿಸುವಂಥದ್ದು. ಊದುವ ಸಂದರ್ಭ ರಾಗ್ನರೋಕ್, ಅಂದರೆ ದೇವತೆಗಳೇ ಸಾಯುವ ಪ್ರಳಯ! ತವರಿನ ಪಂದ್ಯ ಶುರುವಾಗುವಾಗ ಪ್ರಳಯದ ಕೊಂಬು ಊದುವವರ ಧೈರ್ಯ ಮೆಚ್ಚಬೇಕು. ನಾಲ್ಕು ಸಲ ಸೂಪರ್ ಬೌಲ್ ಅಂತಿಮಕ್ಕೆ ಹೋಗಿ ನಾಲ್ಕೂ ಸಲ ಸೋತ ತಂಡ ಇದು, ಬಹುಶಃ ಅಭ್ಯಾಸವಾಗಿರಬೇಕು. ಶಿರಸ್ತ್ರಾಣದ ಎರಡೂ ಬದಿ ಬಿಡಿಸಿದ ಕೋಡುಗಳೂ ಅಷ್ಟೇ. ವೈಕಿಂಗರು ಯುದ್ಧಕ್ಕೆ ಕೋಡಿನ ಟೊಪ್ಪಿಗೆ ಹಾಕಿಕೊಂಡು ಹೋದದ್ದಕ್ಕೆ ಪುರಾವೆಯೇ ಇಲ್ಲ. ಆ ಕಲ್ಪನೆಯನ್ನು ಊರೂರಿಗೆ ಹರಡಿದ್ದು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರನ ಸಂಗೀತ ನಾಟಕಕ್ಕೆ ವೇಷಭೂಷಣ ಮಾಡಿಕೊಟ್ಟ ಕಾರ್ಲ್ ಎಮಿಲ್ ಡೋಪ್ಲರ್. ಬಡಗುತಿಟ್ಟಿನ ಮುಂಡಾಸು ನೋಡಿ ಕರ್ಣ ಹೀಗೇ ಇದ್ದ ಎಂದು ನಂಬಿದ ಹಾಗೆ. ನಂಬಿದರೆ ನಷ್ಟವೇನೂ ಇಲ್ಲ ಅನ್ನಿ.

ನನ್ನ ಮನಸ್ಸು ‘ಸಂಪ್ರದಾಯ’ ಎಂಬ ಪದದ ಕಡೆಗೆ ವಾಲಿದ್ದು ಒಂದು ದಿನದಿಂದ: 2016ರ ಜನವರಿ 10. ಹಳೆಯ ಕ್ರೀಡಾಂಗಣ ಕೆಡವಿ ಆಗಿತ್ತು, ಹೊಸದು ಮುಗಿದಿರಲಿಲ್ಲ. ತಂಡ ಮಿನೆಸೋಟ ವಿಶ್ವವಿದ್ಯಾಲಯದ ಬಯಲು ಮೈದಾನದಲ್ಲಿ ಬಾಡಿಗೆಗಿತ್ತು. ಸಿಯಾಟಲ್ ವಿರುದ್ಧ ಪಂದ್ಯ. ಆಟ ಶುರುವಾಗುವಾಗ ಉಷ್ಣಾಂಶ ಶೂನ್ಯಕ್ಕಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗೆ. ಚಳಿಗೆ ಕೊಂಬು ಸಿಡಿದು ಚೂರಾಯಿತು. ಪಂದ್ಯಕ್ಕೆ ಇನ್ನು ಕೆಲವೇ ಗಂಟೆ. ಬರೀ ಪ್ರದರ್ಶನದ ಸಾಮಾನಾಗಿದ್ದರೆ ‘ಇವತ್ತು ಕೊಂಬಿಲ್ಲ’ ಎಂದು ಬಿಡಬಹುದಿತ್ತು. ಬಿಡಲಿಲ್ಲ, ಬೇರೊಂದು ತಂದರು.

ಅದೇ ದಿನ ನಾಣ್ಯ ಚಿಮ್ಮುವಾಗ ತಂಡದ ನಾಯಕರ ಜೊತೆ ಮೈದಾನದ ನಡುವಿಗೆ ನಡೆದು ಬಂದ 88 ವರ್ಷದ ಮುದುಕ ಬಡ್ ಗ್ರಾಂಟ್. ಎಲ್ಲರೂ ಕಣ್ಣು ಮಾತ್ರ ಬಿಟ್ಟು ಮೈಯೆಲ್ಲ ಮುಚ್ಚಿಕೊಂಡಿದ್ದರೆ, ಇವರು ಟೊಪ್ಪಿ ಹಾಕಿ ನೇರಳೆ ಬಣ್ಣದ ಅರ್ಧತೋಳಿನ ಅಂಗಿಯಲ್ಲಿದ್ದರು. ಬರಿ ತೋಳು. ತಂಡ ಬಯಲಲ್ಲಿ ಆಡುತ್ತಿದ್ದ ಕಾಲದ ಕೋಚ್ ಅವರು. ಬೆಂಚಿನ ಬಳಿ ಹೀಟರ್ ಇಡಲು ಬಿಡುತ್ತಿರಲಿಲ್ಲ. ನಿಮಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ರಾಷ್ಟ್ರಗೀತೆಗೆ ಸಾಲಾಗಿ, ಅಲುಗಾಡದೆ ನಿಲ್ಲುವುದನ್ನು ಅವರು ಆಟಗಾರರಿಗೆ ಅಭ್ಯಾಸ ಮಾಡಿಸುತ್ತಿದ್ದರು, ಆಟದ ಪಟ್ಟುಗಳನ್ನು ಮಾಡಿಸಿದ ಹಾಗೆಯೇ. ಆಗಸ್ಟ್ ಹದಿನೈದಕ್ಕೆ ಮೊದಲು ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ‘ಸಾವಧಾನ್’ ಕಲಿಸಿದ ನಿಮಗೆ ಇದರ ರುಚಿ ಗೊತ್ತು. (ಪಂದ್ಯ? 10–9ರಿಂದ ಸೋತರು. ತಂಡದ ಒಂಬತ್ತೂ ಅಂಕ ಗಳಿಸಿಕೊಟ್ಟವನ ಕಾಲೇ ಕೊನೆಯಲ್ಲಿ 27 ಗಜದಿಂದ ತಪ್ಪಿತು. ಪ್ರಳಯದ ಕೊಂಬು!)

ನಕಲಿ ಎನ್ನುವ ಸಿಟ್ಟು ನಿಮಗೆ ಇರುವುದೇ ಆದರೆ ಅದನ್ನು ಕೊಂಬಿನ ಮೇಲೆ ಖರ್ಚು ಮಾಡಬೇಡಿ. ಬೇರೆ ಜಾಗ ತೋರಿಸುತ್ತೇನೆ. ಅಲ್ಲಿಯ ಪಂದ್ಯಗಳಿಗೆ ಮುನ್ನ ಸೈನಿಕರಿಗೆ ಗೌರವ, ಮೈದಾನ ಮುಚ್ಚುವಷ್ಟು ದೊಡ್ಡ ಬಾವುಟ ಬಿಚ್ಚುವುದು ಇದೆಲ್ಲ ಇರುತ್ತದೆ. ನೋಡುವವರು ತಂಡಗಳು ಮನಸಾರೆ ಮಾಡುತ್ತಿವೆ ಎಂದೇ ಎದ್ದು ನಿಂತಿದ್ದರು. 2015ರ ನವೆಂಬರಿನಲ್ಲಿ ಅರಿಜೋನದ ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಒಂದು ವರದಿ ಹೊರಗೆ ತಂದರು: ಇಂಥವುಗಳಲ್ಲಿ ಹಲವಕ್ಕೆ ರಕ್ಷಣಾ ಇಲಾಖೆ ವೃತ್ತಿಪರ ತಂಡಗಳಿಗೆ ದುಡ್ಡು ಕೊಟ್ಟಿತ್ತು, ಒಟ್ಟು 68 ಲಕ್ಷ ಡಾಲರ್. ಮರುವರ್ಷ ಫುಟ್‌ಬಾಲ್ ಲೀಗ್ ಏಳು ಲಕ್ಷಕ್ಕೂ ಹೆಚ್ಚು ಡಾಲರ್ ಹಿಂದಿರುಗಿಸಿತು. ಆ ಗೌರವಕ್ಕೆ ಬಿಲ್ಲಿತ್ತು, ಬಿಲ್ಲನ್ನು ಯಾರೂ ತೋರಿಸಿರಲಿಲ್ಲ. ಕೊಂಬಿನಲ್ಲಿ ಆ ಗುಟ್ಟಿಲ್ಲ. ಅದು ಮೊನ್ನೆಯದೆಂದು ನಿಮ್ಮ ಮಗನಿಗೂ ಗೊತ್ತು, ಪಕ್ಕದ ಸೀಟಿನವನಿಗೂ ಗೊತ್ತು. ಗೊತ್ತಿದ್ದೂ ಕೈ ಎತ್ತುತ್ತಾರೆ.

ಇನ್ನು ‘ಆಟಕ್ಕಿಂತ ಗದ್ದಲವೇ ಜಾಸ್ತಿ’ ಎಂಬ ಮಾತು. ನಿಮ್ಮ ತಾಲೂಕಿನವರ ಬಾಯಲ್ಲಿ ಇದನ್ನು ಕೇಳುವುದು ಕಷ್ಟ! ಚೌಕಿಯಲ್ಲಿ ಗಣಪತಿ ಪೂಜೆ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಇಷ್ಟೂ ಮುಗಿಯದೆ ಪ್ರಸಂಗಕ್ಕೆ ಕೈ ಹಾಕದವರು ನೀವು. ಈಗ ಕಾಲಮಿತಿಯ ಆಟಗಳಲ್ಲಿ ಪೂರ್ವರಂಗಕ್ಕೇ ಕತ್ತರಿ ಬಿದ್ದಿದೆ ಎಂದು ನಮ್ಮ ಇದೇ ಪುಟಕ್ಕೆ ಬೈದು ಬರೆಯುವವರಲ್ಲಿ ಹೆಚ್ಚಿನವರು ನಿಮ್ಮ ಕಡೆಯವರೇ. ಮಿನೆಸೋಟದವರು ಇಲ್ಲದ್ದನ್ನು ಹುಡುಕಿ ತಂದು ಸೇರಿಸಿಕೊಂಡರು, ನಾವು ಇದ್ದದ್ದನ್ನು ಹೊತ್ತಾಯಿತೆಂದು ಬಿಟ್ಟೆವು. ಇದರಲ್ಲಿ ಯಾರು ಜಾಣರು ಎಂಬ ಪತ್ರ ಬರೆದರೆ ಅದನ್ನೂ ಹಾಕುತ್ತೇನೆ.

ತಿದ್ದುಪಡಿ ಈ ಸಂಚಿಕೆಯ ಎರಡನೇ ಪುಟದಲ್ಲಿದೆ, ಒಂದೇ ಪದದ್ದು. ನಿಮ್ಮ ಪತ್ರದ ಕೊನೆಯ ಪ್ಯಾರಾ, ಮೂರನೇ ಡೋಲಿನ ಹೊತ್ತಿಗೆ ಏನಾಯಿತು ಎಂಬುದು, ಅಚ್ಚಿಗೆ ಬೇಡ ಎಂದಿದ್ದೀರಿ. ಹಾಕಿಲ್ಲ. ಅಂಗೈ ಉರಿ ಇನ್ನೂ ಇದ್ದರೆ ಕೊಬ್ಬರಿ ಎಣ್ಣೆ ಹಚ್ಚಿ.

– ಸಂ.