ಹೊಟ್ಟೆಯ ಕೊಬ್ಬು ಕೆನ್ನೆಗೆ

ಪ್ರಶ್ನೆ: ನನಗೆ 46 ವರ್ಷ. ತೂಕ ಇಳಿಸಿದ ಮೇಲೆ ಕೆನ್ನೆ ಗುಳಿಬಿದ್ದಿದೆ. ಹೊಟ್ಟೆಯ ಕೊಬ್ಬಿನಿಂದ ‘ಸ್ಟೆಮ್ ಸೆಲ್ ಫೇಸ್‌ಲಿಫ್ಟ್’ ಮಾಡುತ್ತೇವೆ, ಒಂದೇ ಸಲಕ್ಕೆ ಶಾಶ್ವತ ಎನ್ನುತ್ತಾರೆ ಕ್ಲಿನಿಕ್‌ನವರು. ನಂಬಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಆದರೆ ಆ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಮಾಮೂಲಿ ಕೊಬ್ಬಿನ ಕಸಿ. ಕೆಟ್ಟ ಚಿಕಿತ್ಸೆಯೇನಲ್ಲ, ಹೆಸರಷ್ಟೇ ದುಬಾರಿ. ಮರಗಟ್ಟಿಸುವ ಮದ್ದು, ಅಡ್ರಿನಲಿನ್ ಬೆರೆಸಿದ ಸಲೈನನ್ನು ಹೊಟ್ಟೆಗೆ ತುಂಬಿಸಿ, 10 ಮಿ.ಲೀ. ಸಿರಿಂಜಿನಿಂದ ಕೈಯಲ್ಲೇ ಮೆಲ್ಲಗೆ ಕೊಬ್ಬು ಎಳೆಯುತ್ತಾರೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಕೋಲ್ಮನ್ ಅವರ ವಿಧಾನದಲ್ಲಿ ಅದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ ತಿರುಗಿಸುತ್ತಾರೆ. ಮೇಲೆ ಎಣ್ಣೆ, ಕೆಳಗೆ ರಕ್ತ ಬೆರೆತ ನೀರು, ನಡುವೆ ನಮಗೆ ಬೇಕಾದ ಕೊಬ್ಬು ನಿಲ್ಲುತ್ತದೆ.

ಕಸುಬು ಗೊತ್ತಾಗುವುದು ಆಮೇಲೆ. ಮೊಂಡು ತುದಿಯ ಕ್ಯಾನ್ಯುಲಾವನ್ನು (ಸಣ್ಣ ಕೊಳವೆ) ಹಿಂದಕ್ಕೆಳೆಯುತ್ತಾ, ಗೆರೆಯೊಂದಕ್ಕೆ 0.1 ಮಿ.ಲೀ. ಮೀರದಂತೆ, ಬೇರೆ ಬೇರೆ ಆಳದಲ್ಲಿ ಕೊಬ್ಬು ಬಿಡಬೇಕು. ಹೊಸ ರಕ್ತನಾಳ ಚಿಗುರುವ ತನಕ ಅದು ಬದುಕುವುದು ಸುತ್ತಲಿನ ಮಾಂಸದಿಂದ ಒಸರುವ ಆಮ್ಲಜನಕದಲ್ಲಿ. ಒಂದೇ ಕಡೆ ಮುದ್ದೆಯಾಗಿ ತುಂಬಿದರೆ ನಡುಭಾಗ ಸತ್ತು ಎಣ್ಣೆಗುಳ್ಳೆಯಾಗುತ್ತದೆ. ಕ್ರಮೇಣ ಸುಣ್ಣಗಟ್ಟಿ ಕೈಗೆ ಗಂಟು ಸಿಗುತ್ತದೆ. ನೀಟಾಗಿ ಮಾಡಿದರೂ ಒಂದಷ್ಟು ಕರಗಿಯೇ ಕರಗುತ್ತದೆ, ಅರ್ಧಕ್ಕರ್ಧ ಹೋಗುವುದೂ ಉಂಟು. 3ರಿಂದ 6 ತಿಂಗಳು ಕಳೆಯದೆ ಫಲ ಗೊತ್ತಾಗದು. ಎರಡನೇ ಸಲ ಬೇಕಾಗುವುದು ಅಪರೂಪವಲ್ಲ. ಉಳಿದ ಕೊಬ್ಬು ಕೆನ್ನೆಗೆ ಬಂದರೂ ಹೊಟ್ಟೆಯ ಕೊಬ್ಬೇ: ನಿಮ್ಮ ತೂಕ ಏರಿಳಿದಂತೆ ಅದೂ ಏರಿಳಿಯುತ್ತದೆ. ಹಾಗಾಗಿ ಮೊದಲು ತೂಕ ಒಂದು ಹದಕ್ಕೆ ನಿಲ್ಲಲಿ.

ಹುಬ್ಬುಗಳ ನಡುವೆ, ಮೂಗಿನ ಮೇಲೆ ಚೂಪು ಸೂಜಿಯಿಂದ ಒತ್ತಿ ಚುಚ್ಚಲು ಬಿಡಲೇಬೇಡಿ. ಕೊಬ್ಬು ರಕ್ತನಾಳಕ್ಕೆ ಹೊಕ್ಕು ದೃಷ್ಟಿಯೇ ಹೋದ ಪ್ರಕರಣಗಳಿವೆ. ಗುಳಿ ತುಂಬಲು ಚುಚ್ಚುವ ಜೆಲ್, ಅಂದರೆ ಹೈಯಲುರಾನಿಕ್ ಫಿಲ್ಲರ್ ಕರಗಿಸಲು ಮದ್ದಿದೆ, ಕೊಬ್ಬಿಗೆ ಅದೂ ಇಲ್ಲ.

ಪ್ರಶ್ನೆ: ಹಾಗಾದರೆ ಕೊಬ್ಬಿನಲ್ಲಿ ಸ್ಟೆಮ್ ಸೆಲ್ ಇರುವುದು ಸುಳ್ಳೇ? ನ್ಯಾನೋಫ್ಯಾಟ್ ಎಂದರೇನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸುಳ್ಳಲ್ಲ. ಹೀರಿ ತೆಗೆದ ಕೊಬ್ಬಿನಲ್ಲಿ ಅವು ಇರುವುದನ್ನು ಅಮೆರಿಕದ ಸಂಶೋಧಕರು 2001ರಲ್ಲೇ ತೋರಿಸಿದರು. ಕಸಿಯ ಜೊತೆ ಒಂದಿಷ್ಟು ತಾವಾಗಿಯೇ ಹೋಗುತ್ತವೆ. ಅವನ್ನು ಬೇರ್ಪಡಿಸಿ ಪಡೆಯಲು ಕೊಲಾಜಿನೇಸ್ ಎಂಬ ಕಿಣ್ವ ಬೆರೆಸಿ, 37 ಡಿಗ್ರಿಯಲ್ಲಿಟ್ಟು, ತೊಳೆದು ಸೋಸಬೇಕು. ಆಗಲೂ ಸಿಗುವುದು ಹಲವು ಬಗೆಯ ಕೋಶಗಳ ಮಿಶ್ರಣವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಷ್ಟೇ ನಡೆಯಬೇಕು. ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲಾತಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಕೊಡದೆ ರೇಟ್ ಕಾರ್ಡ್ ಮುಂದಿಟ್ಟರೆ ಎದ್ದು ಬನ್ನಿ.

ನ್ಯಾನೋಫ್ಯಾಟ್‌ಗೆ ಕಿಣ್ವ ಬೇಡ. ಜೋಡಿಸಿದ ಎರಡು ಸಿರಿಂಜುಗಳ ನಡುವೆ ಕೊಬ್ಬನ್ನು ಸುಮಾರು 30 ಸಲ ಅತ್ತಿತ್ತ ತಳ್ಳಿ, ಸೋಸಿದ ದ್ರವ ಅದು. ಆ ಹೊಡೆತಕ್ಕೆ ಕೊಬ್ಬಿನ ಕೋಶಗಳು ಸಾಯುತ್ತವೆ, ಆದ್ದರಿಂದ ಗುಳಿ ತುಂಬದು. ಕಣ್ಣಡಿಯ ಕಪ್ಪು, ನವಿರು ಸುಕ್ಕಿಗೆ ಬಳಸುತ್ತಾರೆ.