ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಶಿಕ್ಷೆ ಬದಲು ಚಿಕಿತ್ಸೆ ಸಿಗುತ್ತಾ?

ನಿಮ್ಮ ತಮ್ಮ ಹುಬ್ಬಳ್ಳಿಯಲ್ಲಿ ಕುಡಿದು ಬೈಕ್ ಓಡಿಸುವಾಗ ಸಿಕ್ಕಿದ್ದಾನೆ, ಅಮೆರಿಕದಲ್ಲಿ ಚಿಕಿತ್ಸೆ ತಗೊಂಡರೆ ಕೇಸ್ ಬಿಡ್ತಾರಂತೆ, ನಮ್ಮಲ್ಲೂ ಇದೆಯಾ ಅಂತ ಕೇಳಿದ್ದೀರಿ.

ನಾನು ಹುಬ್ಬಳ್ಳಿ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 1975ರಿಂದ ಇದೆ. ಆದರೆ ಅಲ್ಲೂ ಸುಮ್ನೆ ಬಿಡುವುದಿಲ್ಲ. ಎರಡು ವರ್ಷ ಚಿಕಿತ್ಸೆ, ಅದಾದ ಮೇಲೂ ಕೋರ್ಟಿನ ನಿಗಾ. ಶರತ್ತು ಮುರಿದರೆ ಪೊಲೀಸ್ ವರದಿ ನೋಡಿಯೇ ಜಡ್ಜ್ ತೀರ್ಪು ಕೊಡಬಹುದು.

ನಮ್ಮದು ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ, ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಎಷ್ಟೋ ಜನ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ ಹೋಗಿಬಿಡುತ್ತಾರೆ. ನನಗೆ ಸಂಕಟ ಆಗುವುದು ಇಲ್ಲೇ. ದಂಡ ಕಟ್ಟಲು ಹೆಂಡತಿ ಬಂದಿರುತ್ತಾಳೆ. ಸಂಘದಲ್ಲಿ ಎತ್ತಿದ ಸಾಲ. ಐನೂರರ ನೋಟುಗಳನ್ನು ಎರಡೆರಡು ಸಲ ಎಣಿಸುತ್ತಾಳೆ. ಗಂಡ ಹೊರಗೆ ಚಹಾ ಕುಡಿಯುತ್ತಿರುತ್ತಾನೆ. ಶಿಕ್ಷೆ ಆಗಿದ್ದು ಆಕೆಗೆ, ಕುಡಿತ ಹಾಗೇ ಉಳಿಯಿತು.

ನಿಮಗೆ ಇರುವ ದಾರಿ 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಂ. ತಪ್ಪು ಸಾಬೀತಾದ ಮೇಲೂ ಜಡ್ಜ್ ಶಿಕ್ಷೆ ಹೇಳದೆ ಬಾಂಡ್ ಬರೆಸಿಕೊಂಡು ಬಿಡಬಹುದು. ಪ್ರೊಬೇಷನ್ ಅಧಿಕಾರಿಯ ನಿಗಾ ಹಾಕಬಹುದು. ಕುಡಿಯಬಾರದು ಅನ್ನುವ ಶರತ್ತೂ ಆ ಕಲಮಿನಲ್ಲೇ ಇದೆ. ಕೊಡಲೇಬೇಕು ಅಂತೇನಿಲ್ಲ, ಅದು ಜಡ್ಜ್‌ಗೆ ಬಿಟ್ಟದ್ದು. ಅಪಘಾತದಲ್ಲಿ ಯಾರಾದರೂ ಸತ್ತಿದ್ದರೆ ಮಾತ್ರ ಇದರ ಆಸೆ ಇಟ್ಟುಕೊಳ್ಳಬೇಡಿ.

ಬರೀ ಬಾಯಿಮಾತಿನಲ್ಲಿ ಕೇಳಿದರೆ ಆಗಲ್ಲ. ತಾರೀಖಿಗೆ ಮೊದಲೇ ಅವನನ್ನು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಮನೆಯಲ್ಲೇ ಕೂಡಿಹಾಕಿ ಬಿಡಿಸುತ್ತೇವೆ ಅನ್ನಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆ ಚೀಟಿ, ಔಷಧಿ ಬಿಲ್ಲು, ಮತ್ತೆ ಬರಲು ಹೇಳಿದ ತಾರೀಖು ಎಲ್ಲ ಒಂದು ಫೈಲಿನಲ್ಲಿಟ್ಟು ವಕೀಲರಿಗೆ ಕೊಡಿ. ಇವನು ಆಗಲೇ ಚಿಕಿತ್ಸೆ ಶುರು ಮಾಡಿದ್ದಾನೆ ಅಂತ ಕಾಗದ ತೋರಿಸಿ ಕೇಳುವುದಕ್ಕೆ ತೂಕ ಬೇರೆ. ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮೊದಲು ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರೊಬೇಷನ್ ಸಿಗದೆ ದಂಡವೇ ಬಿದ್ದರೂ ಡಿಮ್ಹಾನ್ಸ್ ತಾರೀಖು ತಪ್ಪಿಸಬೇಡಿ. ಬೈಕ್ ಬಿಡಿಸಿಕೊಂಡು ಬಂದ ಮೇಲೆ ಚಾವಿ ನಿಮ್ಮ ಹತ್ತಿರ ಇರಲಿ.